ಹೊ ಎಂದರೆ ಹೊಕ್ಕು

ಕೆಲವರು ಸಿಟ್ಟು ಬಂದರೆ ಕೂಗಾಡಿ, ಹಗುರಾಗಿ, ಊಟಕ್ಕೆ ಕೂಡುತ್ತಾರೆ. ನಾನು ಹಾಗಲ್ಲ. ಸಿಟ್ಟನ್ನು ಉಪ್ಪಿನಕಾಯಿಯಂತೆ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಡುವವಳು. ವರ್ಷಗಳ ಮೇಲೆ ತೆಗೆದರೂ ಖಾರ ಹೋಗಿರುವುದಿಲ್ಲ. ಅವ್ವ ಇದನ್ನು ನನ್ನ ದೊಡ್ಡ ದುರ್ಗುಣ ಎನ್ನುತ್ತಿದ್ದಳು. ಅವಳಿಗೂ ಇದೇ ದುರ್ಗುಣ ಇತ್ತು, ಅದಕ್ಕೇ ಬೇಗ ಗುರುತು ಹಿಡಿದಳು.

ಇಲ್ಲಿ ಬರುವ ಪ್ರೊಫೆಸರರ ಹೆಸರನ್ನು ನಾನು ಬರೆಯುವುದಿಲ್ಲ. ದೊಡ್ಡ ಮನಸ್ಸಿನಿಂದ ಅಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾಗಬೇಕು ಎಂಬ ಹಂಬಲ ಅವರಿಗೆ ವಿಪರೀತ ಇತ್ತು, ಅದಕ್ಕೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಪ್ರಯೋಗ ತೋರಿಸಿಕೊಡುವ ಕೆಲಸಕ್ಕೆ ಸೇರಿದ್ದೆ. ಅದೇ ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿಗೂ ಹೆಸರು ಹಚ್ಚಿದ್ದೆ. ನಮ್ಮದು ಖಾಸಬಾಗದ ನೇಕಾರರ ಮನೆ. ಅಪ್ಪನ ಮಗ್ಗ ನಡುಮನೆಯಲ್ಲೇ ಇತ್ತು. ಅದರ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು, ಸದ್ದು ಇದ್ದರೆ ನಿದ್ದೆ. ನಮ್ಮ ಓಣಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲ ಹುಡುಗಿ ನಾನು. ಪಿಎಚ್‌ಡಿ ಆದರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಅಂದಿನಿಂದ ಅವನು ಗಿರಾಕಿಗಳ ಮುಂದೆ ಸೀರೆಗಿಂತ ನನ್ನ ಸುದ್ದಿಯನ್ನೇ ಹೆಚ್ಚು ಬಿಚ್ಚುತ್ತಿದ್ದ.

ನನ್ನ ವಿಷಯ ಕರುಳು. ಆಡು ಕೊಯ್ದ ಸ್ವಲ್ಪ ಹೊತ್ತಿನಲ್ಲಿ ಅದರ ಸಣ್ಣ ಕರುಳಿನ ಒಂದು ತುಂಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಇಟ್ಟು, ನೀರಿಗೆ ಗಾಳಿ ಬಿಡುತ್ತಿದ್ದರೆ, ಅದು ತಾಸುಗಟ್ಟಲೆ ತನ್ನಷ್ಟಕ್ಕೆ ಕುಗ್ಗುತ್ತ ಹಿಗ್ಗುತ್ತ ಇರುತ್ತದೆ. ಆಡು ಇಲ್ಲ, ಹಸಿವು ಇಲ್ಲ, ಮೇವು ಇಲ್ಲ. ಆದರೂ ಕರುಳು ತನ್ನ ಕೆಲಸ ಬಿಡುವುದಿಲ್ಲ. ಮೊದಲ ಸಲ ಅದನ್ನು ನೋಡಿದ ದಿನ ನಾನು ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೇ ಮರೆತಿದ್ದೆ.

ಕರುಳಿನ ಗೋಡೆಯಲ್ಲಿ ಸ್ನಾಯುವಿನ ಎರಡು ಪದರಗಳಿವೆ. ಹೊರಗಿನದು ತೆಳು, ಅದರ ಎಳೆಗಳು ಕರುಳಿನ ಉದ್ದಕ್ಕೆ ಹೋಗುತ್ತವೆ. ಒಳಗಿನದು ದಪ್ಪ, ಅದರ ಎಳೆಗಳು ಬಳೆಯಂತೆ ಸುತ್ತ ಬರುತ್ತವೆ. ಉದ್ದ ಹೋಗುವುದನ್ನು ನಮ್ಮ ಮನೆಯಲ್ಲಿ ಹಾಸು ಎನ್ನುತ್ತಾರೆ, ಅಡ್ಡ ಹೋಗುವುದನ್ನು ಹೊಕ್ಕು. ನನಗೆ ಬೇರೆ ಹೆಸರು ಬೇಕಾಗಲೇ ಇಲ್ಲ. ಹಾಸುಹೊಕ್ಕು ಎಂಬ ಮಾತನ್ನು ಭಾಷಣ ಮಾಡುವವರೆಲ್ಲ ಬಳಸುತ್ತಾರೆ. ಯಾವುದು ಹಾಸು, ಯಾವುದು ಹೊಕ್ಕು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಸೂರು ನೋಡುತ್ತಾರೆ.

ವಿಭಾಗದಲ್ಲಿ ಎರಡು ಲೇಖನಿಯ ಒಂದು ಯಂತ್ರ ಇತ್ತು. ಕರುಳಿನಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆಗಳನ್ನು ಅದು ಓಡುವ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಒಂದು ಲೇಖನಿಯನ್ನು ಹೊರಪದರಕ್ಕೆ, ಇನ್ನೊಂದನ್ನು ಒಳಪದರಕ್ಕೆ ಜೋಡಿಸಿದರೆ ಎರಡೂ ಕೂಡಿಯೇ ಏಳುತ್ತಿದ್ದವು, ಕೂಡಿಯೇ ಇಳಿಯುತ್ತಿದ್ದವು. ನನಗೆ ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಇದೇ. ಮಗ್ಗದಲ್ಲಿ ಹಾಸಿನ ಎಳೆ ಹೊಕ್ಕಿನ ಎಳೆಯ ಮೇಲೆ ಕೆಳಗೆ ಹಾಯುತ್ತದೆ, ಅದಕ್ಕೇ ಎರಡೂ ಸೇರಿ ಒಂದು ಅರಿವೆ ಆಗುತ್ತದೆ. ಕರುಳಿನಲ್ಲಿ ಹಾಗಿಲ್ಲ. ಒಂದು ಪದರದ ಮೇಲೆ ಇನ್ನೊಂದು ಸುಮ್ಮನೆ ಮಲಗಿದೆ. ಹಾಗಾದರೆ ಇದರ ಸುದ್ದಿ ಅದಕ್ಕೆ ಮುಟ್ಟಿಸುವವರು ಯಾರು?

ಸೋಮವಾರದ ಸಭೆಯಲ್ಲಿ, ಎಲ್ಲರ ಎದುರು, ನಾನು ಇದನ್ನೇ ಕೇಳಿದೆ. ಮಗ್ಗದ ಮಾತನ್ನೂ ಹೇಳಿದೆ. ಪ್ರೊಫೆಸರರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಇದು ಮಗ್ಗ ಅಲ್ಲ ತಂಗಿ, ಕರುಳು. ಸೀರಿ ನೇಯೂ ಬುದ್ಧಿ ಮನ್ಯಾಗ ಇಟ್ಟು ಬಾ" ಎಂದರು.

ಎಲ್ಲರೂ ನಕ್ಕರು. ಮರುದಿನ ನನ್ನ ಮೇಜಿನ ಮೇಲೆ ಯಾರೋ ನೂಲು ಸುತ್ತಿದ ಒಂದು ಕಂಡಿಕೆ ಇಟ್ಟಿದ್ದರು. ಆ ಕಂಡಿಕೆಯನ್ನು ನಾನು ಎಸೆಯಲಿಲ್ಲ. ಈಗಲೂ ನನ್ನ ಹತ್ತಿರ ಇದೆ.

ಪ್ರೊಫೆಸರರಿಗೆ ತಮ್ಮದೇ ಒಂದು ವಾದ ಇತ್ತು. ಒಳಪದರ ದಪ್ಪ, ಆದ್ದರಿಂದ ಅದೇ ಯಜಮಾನ, ಅಲೆ ಹುಟ್ಟುವುದು ಅಲ್ಲೇ, ತೆಳುವಾದ ಹೊರಪದರ ಅದರ ಹಿಂದೆ ಬಾಲ ಅಲ್ಲಾಡಿಸುತ್ತ ಹೋಗುತ್ತದೆ ಎಂದು. ಅವರ ಮೈಕಟ್ಟು ನೋಡಿದವರಿಗೆ ಈ ವಾದ ಎಲ್ಲಿಂದ ಹುಟ್ಟಿತು ಎಂದು ತಿಳಿಯಲು ಕಷ್ಟವಿರಲಿಲ್ಲ. ಇದನ್ನು ಒರೆಗೆ ಹಚ್ಚಬೇಕಾದರೆ ಎರಡೂ ಪದರಗಳನ್ನು ಹರಿಯದಂತೆ ಬಿಡಿಸಬೇಕು, ಒಂದೊಂದನ್ನೂ ಒಂಟಿಯಾಗಿ ಯಂತ್ರಕ್ಕೆ ಹಚ್ಚಬೇಕು. ಆ ಕೆಲಸ ನನ್ನ ಕೈಗೆ ಬರಲೇ ಇಲ್ಲ. ಚಿಮಟದಿಂದ ಎಳೆದರೆ ಹೊರಪದರ ಚಿಂದಿಯಾಗಿ ಬರುತ್ತಿತ್ತು. ಎರಡು ತಿಂಗಳು ನಾನು ಚಿಂದಿ ಆರಿಸಿದೆ.

ನಮ್ಮ ವಿಭಾಗದ ಶಿಪಾಯಿ, ಎಂದರೆ ಜವಾನ, ವಡಗಾಂವದವನು, ಅವನದೂ ನೇಕಾರರ ಮನೆ. ನನ್ನ ಗೋಳು ನೋಡಲಾರದೆ ಒಂದು ದಿನ ಹೇಳಿದ:

"ಖಾನಾಪುರದಾಗ ಗಾದಿ ಹತ್ತಿ ಹಿಂಜೋರ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ ಬಾಯಾರ. ಹತ್ತಿ ಹಿಂಜೂ ಬಿಲ್ಲಿಗೆ ಕಟ್ಟೂ ತಂತಿ ಆಡಿನ ಕರಳಲೆ ತಾನ ಮಾಡ್ತಾಳ. ಆಕಿ ಕೈ ಒಮ್ಮೆ ನೋಡ್ಕೊಂಡ ಬರ್ರಿ."

ರವಿವಾರ ಬೆಳಗಿನ ಗಾಡಿ ಹಿಡಿದು ಖಾನಾಪುರಕ್ಕೆ ಹೋದೆ. ಮುದುಕಿ ಅಂಗಳದಲ್ಲಿ ಬುಟ್ಟಿಯ ಮುಂದೆ ಕೂತಿದ್ದಳು. ಮನೆಯವರೆಲ್ಲ ಅವಳನ್ನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಾಲೇಜಿನಲ್ಲಿ ಕಲಿಸುವ ಬಾಯಾರು ಕರುಳು ಸುಲಿಯುವುದನ್ನು ಕಲಿಯಲು ಬಂದಿದ್ದಾರೆ ಎಂದು ತಿಳಿದು ಖಾಲಾ ಹೊಟ್ಟೆ ಹಿಡಿದು ನಕ್ಕಳು. ಆ ನಗೆಗೂ ಸೋಮವಾರದ ನಗೆಗೂ ಇದ್ದ ಅಂತರ ನನಗೆ ಕೂಡಲೇ ತಿಳಿಯಿತು. ನಕ್ಕು ಮುಗಿಸಿ ಅವಳು ಜರುಗಿ ನನಗೆ ಜಾಗ ಕೊಟ್ಟಳು.

ಖಾಲಾ ಚಿಮಟ ಮುಟ್ಟುತ್ತಿರಲಿಲ್ಲ. ಕರುಳನ್ನು ಬಿದಿರಿನ ಕೋಲಿಗೆ ಏರಿಸಿ, ಒಂದು ಕಡೆ ಉಗುರಿನಿಂದ ಗೀರಿ, ಒದ್ದೆ ಹೆಬ್ಬೆರಳನ್ನು ಪದರದ ಕೆಳಗೆ ತೂರಿಸಿ, ಎಳೆಯದೆ ಬರೀ ಉಜ್ಜುತ್ತ ಹೋಗುತ್ತಿದ್ದಳು. ಉದ್ದದ ಪದರ ತಾನಾಗಿ ಬಿಟ್ಟುಕೊಂಡು ಬರುತ್ತಿತ್ತು.

"ಕಣ್ಣಲೆ ಅಲ್ಲ ಬೇಟಿ, ಹೆಬ್ಬೆರಳಲೆ ನೋಡ. ಕಣ್ಣು ಅವಸರ ಮಾಡ್ತೈತಿ" ಎನ್ನುತ್ತಿದ್ದಳು.

ಎಷ್ಟು ರವಿವಾರ ಹೋದೆನೋ ಲೆಕ್ಕ ಇಟ್ಟಿಲ್ಲ. ಮಳೆಗಾಲ ಮುಗಿದು ಥಂಡಿ ಶುರುವಾಗುವಷ್ಟರಲ್ಲಿ ನನ್ನ ಹೆಬ್ಬೆರಳಿಗೂ ಕಣ್ಣು ಬಂದಿತ್ತು. ಕೈಯ ವಾಸನೆ ಮಾತ್ರ ಏನು ತೊಳೆದರೂ ಹೋಗುತ್ತಿರಲಿಲ್ಲ. ಅವ್ವ ನನ್ನನ್ನು ರೊಟ್ಟಿಯ ಬುಟ್ಟಿ ಮುಟ್ಟಲು ಬಿಡುತ್ತಿರಲಿಲ್ಲ.

ಆಮೇಲೆ ಪ್ರಯೋಗಗಳು ಒಂದರ ಹಿಂದೆ ಒಂದು ಕೈಗೂಡಿದವು. ಒದ್ದೆ ಕೈಯಲ್ಲಿ ಟಿಪ್ಪಣಿ ಬರೆಯುವಾಗ ಉದ್ದ ಬರೆಯಲು ಪುರಸೊತ್ತು ಎಲ್ಲಿ? ಹಾಸು ಎಂಬುದಕ್ಕೆ ಹಾ, ಹೊಕ್ಕು ಎಂಬುದಕ್ಕೆ ಹೊ. ಅಷ್ಟೇ. "ಹಾ ಒಂಟಿ, ನಡೆಯುತ್ತದೆ. ಹೊ ಒಂಟಿ, ನಿಂತಿತು." ಎಷ್ಟು ಸಲ ಮಾಡಿದರೂ ಅದೇ. ಎಂದರೆ, ದಪ್ಪ ಒಳಪದರ ಒಂಟಿಯಾದ ಕೂಡಲೇ ಅದರ ಲೇಖನಿ ಸಪಾಟು ಗೆರೆ ಎಳೆಯುತ್ತಿತ್ತು. ತೆಳು ಹೊರಪದರ ಒಂಟಿಯಾಗಿಯೂ ಅಲೆ ಬರೆಯುತ್ತಿತ್ತು. ಯಜಮಾನ ಯಜಮಾನನೇ ಅಲ್ಲ.

ಹಾಗಾದರೆ ಹೊರಪದರವೇ ಯಜಮಾನನೋ? ಅದೂ ಅಲ್ಲ. ಸುಲಿದ ಹೊರಪದರದ ಒಳಮೈಯಲ್ಲಿ ಏನೋ ಅಂಟಿಕೊಂಡು ಬರುತ್ತಿತ್ತು. ಅದಕ್ಕೆ ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ ಕುಡಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಒಂದು ಜಾಳಿಗೆ ಕಂಡಿತು. ನರಗಳ ದಪ್ಪ ಬಲೆ ಬೇರೆಯೇ ಇತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದು. ಅದರ ಸಂದಿಗಳಲ್ಲಿ ಸಣ್ಣ ಸಣ್ಣ ಜೀವಕೋಶಗಳು, ನಡು ಉಬ್ಬಿ ತುದಿ ಸಪೂರವಾದವು, ಉದ್ದ ತೋಳು ಚಾಚಿ ಒಂದರ ತುದಿಗೆ ಒಂದು ತಾಗಿಕೊಂಡಿದ್ದವು. ಕೆಲವು ತೋಳುಗಳು ಹಾಸಿನ ಕಡೆ ಹೊರಳಿದ್ದವು, ಹರಿದ ಕೆಲವು ತುದಿಗಳು ಹೊಕ್ಕು ಇದ್ದ ಕಡೆಗೆ. ಆ ಜಾಳಿಗೆಯನ್ನು ಬಿದಿರಿನ ಪಟ್ಟಿಯಿಂದ ಮೆಲ್ಲಗೆ ಕೆರೆದು ತೆಗೆದರೆ ಹಾಸೂ ನಿಂತುಬಿಡುತ್ತಿತ್ತು. ನರಗಳನ್ನು ಮಂಕು ಮಾಡುವ ಔಷಧಿ ಹಾಕಿದಾಗ ಮಾತ್ರ ನಿಲ್ಲುತ್ತಿರಲಿಲ್ಲ. ಅಲೆ ನರದ್ದಲ್ಲ, ಹಾಸಿನದ್ದಲ್ಲ, ಹೊಕ್ಕಿನದ್ದೂ ಅಲ್ಲ. ನಡುವೆ ಕೂತವರದ್ದು.

ಇನ್ನೊಂದು ಪ್ರಯೋಗ ನನಗೆ ಬಹಳ ಪ್ರೀತಿಯದು. ಪೂರ್ತಿ ಕರುಳಿನಲ್ಲಿ ಹಾಸಿನ ಪದರಕ್ಕೆ ಒಂದು ಚೂರು ವಿದ್ಯುತ್ತು ಕೊಟ್ಟರೆ ಹೊಕ್ಕಿನ ಲೇಖನಿಯೂ ಸ್ವಲ್ಪ ಏಳುತ್ತಿತ್ತು. ಜಾಳಿಗೆ ಕೆರೆದು, ಎರಡೂ ಪದರಗಳನ್ನು ಮೊದಲಿದ್ದಂತೆಯೇ ಒಂದರ ಮೇಲೊಂದು ಮಲಗಿಸಿ ಅಷ್ಟೇ ವಿದ್ಯುತ್ತು ಕೊಟ್ಟೆ. ಹೊಕ್ಕಿಗೆ ಸುದ್ದಿಯೇ ಇಲ್ಲ. ಮಾತು ಬಿಟ್ಟ ಅಕ್ಕಪಕ್ಕದ ಮನೆಯವರಂತೆ ಎರಡೂ ಮೈಗೆ ಮೈ ತಾಗಿಸಿ ಸುಮ್ಮನೆ ಬಿದ್ದಿದ್ದವು. ಬರೀ ತಾಗಿದರೆ ಸಾಲದು. ಆ ಕೋಶಗಳ ತೋಳು ಬೇಕು. ಒಂದು ಕೋಶದಿಂದ ಇನ್ನೊಂದಕ್ಕೆ, ಅಲ್ಲಿಂದ ಎರಡೂ ಪದರಗಳಿಗೆ ವಿದ್ಯುತ್ತು ಹರಿಯುವ ದಾರಿ ಅವೇ ಎಂದು ನನ್ನ ಮನಸ್ಸಿಗೆ ಖಾತ್ರಿಯಾಯಿತು. ಅಂದು ಸಂಜೆ ಕಾಲೇಜಿನಿಂದ ಖಾಸಬಾಗದವರೆಗೆ ನಡೆದೇ ಹೋದೆ. ದಾರಿಯಲ್ಲಿ ಯಾರ ಮನೆಯಲ್ಲಿ ಮಗ್ಗ ಕೇಳಿದರೂ ನಗು ಬರುತ್ತಿತ್ತು.

ಪ್ರೊಫೆಸರರಿಗೆ ಟಿಪ್ಪಣಿ ಪುಸ್ತಕ ಕೊಟ್ಟು, ಸ್ಲೈಡು ತೋರಿಸಿದೆ. ಅವರು ಅರೆಗಳಿಗೆ ನೋಡಿದರು.

"ಇದು ಕೊಳಿ. ಬಣ್ಣ ಗಟ್ಟಿಯಾಗಿ ಕೂತದ. ನಿನ್ನ ಕೈ ಸ್ವಚ್ಛ ಇಲ್ಲ, ದೂರಿಂದನ ವಾಸನಿ ಬರ್ತದ" ಎಂದರು. ಸ್ಲೈಡನ್ನು ತೊಟ್ಟಿಗೆ ಹಾಕಿದರು. ಗಾಜು ಒಡೆದ ಸದ್ದು ಕೇಳಿಸಿತು. ಟಿಪ್ಪಣಿ ಪುಸ್ತಕವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು.

ಮೂರು ವಾರ ಕಳೆದ ಮೇಲೆ ಅವರು ನನ್ನನ್ನು ಕರೆಸಿದರು. ಮುಖದಲ್ಲಿ ಎಂದೂ ಕಾಣದ ಗೆಲುವು ಇತ್ತು. ಕಾಲೇಜಿನಲ್ಲಿ ದೊಡ್ಡ ವಿಚಾರಗೋಷ್ಠಿ ನಡೆಯಲಿದೆ, ತಾವು ಕರುಳಿನ ಮೇಲೆ ಲೇಖನ ಓದುತ್ತಿದ್ದೇವೆ, ಅದು ಪುಸ್ತಕವಾಗಿಯೂ ಬರುತ್ತದೆ ಎಂದರು. ಟೈಪು ಮಾಡಿದ ಇಂಗ್ಲಿಷ್ ಹಾಳೆಗಳನ್ನು ಮುಂದೆ ತಳ್ಳಿದರು.

"ಸ್ಪೆಲಿಂಗ್ ನೋಡಿ ಕೊಡು. ಅಷ್ಟ. ಮತ್ತ ನಿನ್ನ ಪಿಎಚ್‌ಡಿ ವಿಷಯ ಬದಲಿ ಮಾಡಬೇಕಾಗ್ತದ. ಇದು ಈಗ ವಿಭಾಗದ ಕೆಲಸ ಆತು."

ಹಾಳೆಯ ಮೇಲೆ ಒಂದೇ ಹೆಸರು ಇತ್ತು, ಅವರದು. ನನ್ನ ಮೂರು ವರ್ಷ, ನನ್ನ ರವಿವಾರಗಳು, ಖಾಲಾಳ ಹೆಬ್ಬೆರಳು, ಅಪ್ಪನ ಡಾಕ್ಟರ್, ಎಲ್ಲವೂ ಆ ಒಂದು ಹೆಸರಿನ ಹೊಟ್ಟೆಗೆ ಹೋಗಿದ್ದವು. ಮೈ ಉರಿಯಿತು. "ಆಗಲಿ ಸರ್" ಎಂದೆ. ಅಷ್ಟು ಸಿಟ್ಟು ಬಂದಾಗ ನನ್ನ ದನಿ ಬಹಳ ಮೆತ್ತಗಾಗುತ್ತದೆ.

ಮೇಜಿಗೆ ಬಂದು ಓದತೊಡಗಿದೆ. ಎರಡನೆಯ ಪುಟದಲ್ಲಿ ಕಣ್ಣು ನಿಂತಿತು. "ಹೊರಪದರವನ್ನು ಒಂಟಿಯಾಗಿಸಿದಾಗ ಅದು ನಿಂತುಹೋಗುತ್ತದೆ, ಒಳಪದರ ಒಂಟಿಯಾಗಿಯೂ ನಡೆಯುತ್ತದೆ" ಎಂಬ ಅರ್ಥದ ಸಾಲು. ಮತ್ತೆ ಓದಿದೆ. ಆಮೇಲೆ ಹೊಳೆಯಿತು. ನಾನು ಬರೆದ ಹೊ ಎಂಬುದನ್ನು ಅವರು ಹೊರಗಿನದು ಎಂದು ಓದಿಕೊಂಡಿದ್ದರು! ಹಾ ಎಂದರೆ ಕೆಳಗೆ ಹಾಸಿದ್ದು, ಎಂದರೆ ಒಳಗಿನದು ಎಂದು ತಾವೇ ಕಟ್ಟಿಕೊಂಡಿದ್ದರು. ಹಾಗೆ ಓದಿದರೆ ನನ್ನ ಪ್ರಯೋಗವೆಲ್ಲ ಅವರ ವಾದಕ್ಕೇ ತೋರಣ ಕಟ್ಟುತ್ತಿತ್ತು. ಕೊಳೆ ಎಂದು ಎಸೆದದ್ದು ಇದ್ದಕ್ಕಿದ್ದಂತೆ ಬಂಗಾರವಾದದ್ದು ಅದಕ್ಕೆ. ಜಾಳಿಗೆಯ ಪುಟವನ್ನು ಅವರು ಬಿಟ್ಟೇಬಿಟ್ಟಿದ್ದರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಸ್ಪೆಲಿಂಗ್ ನೋಡಿದೆ. ಅಲ್ಪವಿರಾಮಗಳನ್ನೂ ಬಿಡದೆ ತಿದ್ದಿದೆ. ಆ ಲೇಖನದಷ್ಟು ಶುದ್ಧವಾದ ಇಂಗ್ಲಿಷ್ ಅವರ ಹೆಸರಿನಲ್ಲಿ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಮುಂದಿನ ರವಿವಾರ ಖಾಲಾಳಿಗೆ ಎಲ್ಲವನ್ನೂ ಹೇಳಿದೆ. ಶಹಬ್ಬಾಸ್ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕರುಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಆ ಸಾಹೇಬನ ಮ್ಯಾಲೆ ಸಿಟ್ಟು ಐತಿ, ಖರೇ. ತೀರಿಸ್ಕೊ. ಆದ್ರ ಕರುಳು ನಿನಗೇನ ಮಾಡಿತ್ತು? ಅದರ ಮ್ಯಾಲೆ ಯಾಕ ಸುಳ್ಳ ಹಾಕಸ್ತಿ?"

"ಸುಳ್ಳು ನಾ ಬರದಿಲ್ಲ ಖಾಲಾ. ಅವರು ಬರದಾರ."

"ಹೂಂ" ಎಂದಳು. ಆ ಹೂಂ ನನಗೆ ಹಿಡಿಸಲಿಲ್ಲ. ಚಹಾ ಕುಡಿಯದೆ ಗಾಡಿಗೆ ಹೊರಟೆ.

ಗೋಷ್ಠಿಯ ದಿನ ಸಭಾಂಗಣ ತುಂಬಿತ್ತು. ಬಂದವರ ಕೈಗೆಲ್ಲ ಮೊದಲೇ ಅಚ್ಚಾದ ಪುಸ್ತಕ ಕೊಟ್ಟಿದ್ದರು. ಪ್ರೊಫೆಸರರು ಹೊಸ ಕೋಟು ಹಾಕಿ, ದಪ್ಪ ಪದರದ ಯಜಮಾನಿಕೆಯನ್ನು ಗಂಟಲು ಬಿಚ್ಚಿ ಸಾರಿದರು. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದ ವಿಜ್ಞಾನಿ ಎದ್ದರು. ಹೊರಗಿನಿಂದ ಬಂದ ಅತಿಥಿ, ಮೈಸೂರು ಕಡೆಯ ಕನ್ನಡ.

"ತುಂಬಾ ಆಶ್ಚರ್ಯವಾಗಿದೆ. ನಾನು ಓದಿದ್ದೆಲ್ಲ ಇದಕ್ಕೆ ತದ್ವಿರುದ್ಧ. ಪ್ರಯೋಗ ಒಮ್ಮೆ ನೋಡಬಹುದೇ?"

ನೋಡಬಹುದು ಎಂದು ಪ್ರೊಫೆಸರರು ಧಾರಾಳವಾಗಿ ಹೇಳಿದರು. ಮಧ್ಯಾಹ್ನ ಮೂವತ್ತು ನಲವತ್ತು ಮಂದಿ ಪ್ರಯೋಗಾಲಯದಲ್ಲಿ ಸೇರಿದರು. ಕರುಳು ಸುಲಿಯುವುದು ಪ್ರೊಫೆಸರರಿಗೆ ಬರುತ್ತಿರಲಿಲ್ಲ, ನನ್ನತ್ತ ಕೈ ಮಾಡಿದರು. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ. ಶಿಪಾಯಿ ಬೆಚ್ಚಗಿನ ನೀರಿನ ಬೋಗುಣಿ ಹಿಡಿದು ಬಾಜೂಕೆ ನಿಂತ. ಉಗುರಿನಿಂದ ಗೀರಿದೆ, ಹೆಬ್ಬೆರಳು ತೂರಿಸಿದೆ, ಉಜ್ಜಿದೆ. ಅಷ್ಟು ಚೆಂದದ ಪದರ ಅದಕ್ಕೂ ಮೊದಲು ನನಗೆ ಬಂದಿರಲಿಲ್ಲ. ಎರಡೂ ಪದರಗಳನ್ನು ಯಂತ್ರಕ್ಕೆ ಜೋಡಿಸಿದೆ.

ಕಾಗದ ಓಡಿತು. ಹೊರಪದರದ ಲೇಖನಿ ಏಳುತ್ತ ಇಳಿಯುತ್ತ ಹೋಯಿತು. ದಪ್ಪ ಒಳಪದರದ ಲೇಖನಿ ಸಪಾಟಾದ ಗೆರೆ ಎಳೆಯಿತು.

ತಂತಿ ಅದಲು ಬದಲಾಗಿದೆ ಎಂದು ಪ್ರೊಫೆಸರರು ಬೈದರು. ತಂತಿ ಬದಲಿಸಿ ತೋರಿಸಿದೆ. ಅಲೆಯೂ ಲೇಖನಿ ಬದಲಿಸಿತು, ಪದರ ಬದಲಿಸಲಿಲ್ಲ. ಅತಿಥಿ ಮೂಲ ಟಿಪ್ಪಣಿ ಕೇಳಿದರು. ಪ್ರೊಫೆಸರರೇ ತಂದುಕೊಟ್ಟರು, ಪಾಪ, ಅದೇ ತಮ್ಮನ್ನು ಕಾಯುತ್ತದೆ ಎಂಬ ನಂಬಿಕೆಯಿಂದ. ಅತಿಥಿ ಪುಟ ತಿರುಗಿಸಿದರು.

"ಈ ಹೊ ಅಂದರೇನು?"

"ಹೊ ಅಂದ್ರ ಹೊರಗಿಂದು" ಎಂದರು ಪ್ರೊಫೆಸರರು.

ಬೋಗುಣಿ ಹಿಡಿದು ನಿಂತಿದ್ದ ಶಿಪಾಯಿಗೆ ತಡೆಯಲಾಗಲಿಲ್ಲ.

"ಅಲ್ಲರೀ ಸಾಹೇಬ್ರ, ಹೊ ಅಂದ್ರ ಹೊಕ್ಕು! ಹಾ ಅಂದ್ರ ಹಾಸು. ಉದ್ದಂದು ಹಾಸು, ಅಡ್ಡಂದು ಹೊಕ್ಕು. ಖಾಸಬಾಗದಾಗ ಕೂಸಿಗೂ ಗೊತ್ತೈತ್ರಿ."

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕಂಡಿಕೆ ಇಟ್ಟವರೂ ನಕ್ಕರು. ಪ್ರೊಫೆಸರರ ಮುಖ ಕರುಳು ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಅವರು ನನ್ನ ಕಡೆ ನೋಡಿದರು.

"ನೀನು ಓದಿದ್ಯಲ್ಲ? ಯಾಕ ಹೇಳಲಿಲ್ಲ?"

"ಸ್ಪೆಲಿಂಗ್ ನೋಡಾಕ ಹೇಳಿದ್ರಿ ಸರ್. ಸ್ಪೆಲಿಂಗ್ ಸರಿ ಇತ್ತು" ಎಂದೆ.

ನಾನು ಬದುಕಿನಲ್ಲಿ ಹಲವು ಸಿಹಿ ತಿಂದಿದ್ದೇನೆ. ಆ ಒಂದು ವಾಕ್ಯದಷ್ಟು ಸಿಹಿ ಯಾವುದೂ ಇರಲಿಲ್ಲ. ಇದನ್ನು ಮುಚ್ಚಿಟ್ಟು ಒಳ್ಳೆಯವಳಾಗುವ ಆಸೆ ನನಗಿಲ್ಲ.

ಅದರ ಬೆಲೆ ತೆತ್ತದ್ದೂ ನಾನೇ. ತಿಂಗಳೊಳಗೆ ನನ್ನ ಪಿಎಚ್‌ಡಿ ನೋಂದಣಿ ರದ್ದಾಯಿತು, ಕೆಲಸವೂ ಹೋಯಿತು. ಅಪ್ಪ ಗಿರಾಕಿಗಳ ಮುಂದೆ ಬರೀ ಸೀರೆ ಬಿಚ್ಚತೊಡಗಿದ. ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಖಾಲಾ ಎರಡು ವರ್ಷಕ್ಕೆ ತೀರಿಕೊಂಡಳು. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾದ ಮೇಲೆ, ಬೆಳಗಾವಿಗೆ ಹೋದಾಗ ಒಂದು ಗ್ರಂಥಾಲಯದಲ್ಲಿ ಹೊರದೇಶದ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಎರಡು ಸ್ನಾಯು ಪದರಗಳ ನಡುವಿನ ಕೋಶಗಳ ಚಿತ್ರ. ಅದೇ ಉಬ್ಬಿದ ನಡು, ಅದೇ ತೋಳುಗಳು, ಒಂದರ ಗೋಡೆಗೆ ಒಂದು ಅಂಟಿ ಕೂತದ್ದು. ಅಲೆ ಹುಟ್ಟುವುದು ಇಲ್ಲೇ ಇರಬಹುದು, ಪದರಗಳನ್ನು ವಿದ್ಯುತ್ತಿನಿಂದ ಕೂಡಿಸುವುದೂ ಇವೇ ಇರಬಹುದು ಎಂದು ಯಾರೋ ದೂರದವರು ಬರೆದಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತೊಟ್ಟಿಯಲ್ಲಿ ಒಡೆದ ಗಾಜಿನ ಸದ್ದು ಮಾತ್ರ ಕಿವಿಯಲ್ಲಿ ಮತ್ತೆ ಕೇಳಿಸಿತು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಂಜೆ, ಗುಂಜಿ ಎಂಬ ಪಕ್ಕದ ಊರಿನ ಒಬ್ಬ ಹುಡುಗಿ ಅಳುತ್ತ ನನ್ನ ಮನೆಗೆ ಬಂದಳು. ಅವಳ ಅಪ್ಪ ರೈಲು ಹಳಿ ಕಾಯುವ ಕೆಲಸದವನು. ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತು, ಈಗ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ತರಗತಿಯಲ್ಲಿ ಕರುಳಿನ ಚಲನೆಯ ಬಗ್ಗೆ ಮಾತಾಡಲು ಅವಳ ಪಾಳಿ ಬಂದಿತ್ತಂತೆ. ಗ್ರಂಥಾಲಯದಲ್ಲಿ ತಮ್ಮದೇ ಕಾಲೇಜಿನ ಹಳೆಯ ಗೋಷ್ಠಿಯ ಪುಸ್ತಕ ಸಿಕ್ಕಿತು. ತಮ್ಮದೇ ಸರ್ ಬರೆದದ್ದು, ಖುಷಿಪಡುತ್ತಾರೆ ಎಂದು ಅದನ್ನೇ ಬಾಯಿಪಾಠ ಮಾಡಿ ಅವರ ಎದುರಿಗೇ ಒಪ್ಪಿಸಿದ್ದಳು.

"ಸರ್ ಕೆಂಪಾಗಿ ಬಿಟ್ರು ಬಾಯಾರ. ಯಾರ ಕಳಿಸ್ಯಾರ ನಿನ್ನ ಅಂತ ಕೇಳಿದ್ರು. ಯಾರೂ ಇಲ್ರಿ, ಖಾನಾಪುರದ ನಮ್ಮ ಬಾಯಾರು ಮೊದಲ ಇಲ್ಲೇ ಕೆಲಸಾ ಮಾಡತಿದ್ರು ಅಂದೆ. ಈಗ ಜರ್ನಲ್‌ಗೆ ಸಹಿ ಮಾಡಂಗಿಲ್ಲ ಅಂತಾರ."

ವರ್ಷವಿಡೀ ಮಾಡಿದ ಪ್ರಯೋಗಗಳನ್ನು ಬರೆದ ಆ ಜರ್ನಲ್‌ಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ. ಅವಳ ವರ್ಷ ಹೋಗುತ್ತದೆ. ಬಹುಶಃ ಅಪ್ಪ ಮತ್ತೆ ಕಳಿಸುವುದೂ ಇಲ್ಲ. ನಾನು ಪ್ರೊಫೆಸರರಿಗೆ ಎಂದು ಇಟ್ಟ ಮುಳ್ಳು ಈ ಮಗುವಿನ ಕಾಲಿಗೆ ನೆಟ್ಟಿತ್ತು. ಖಾಲಾಳ ಹೂಂ ಈಗ ಅರ್ಥವಾಯಿತು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಅವರ ಮೇಲೆ ಸಿಟ್ಟು ಬಂತು. ಭರಣಿ ಹಾಗೇ ಇತ್ತು, ಬಟ್ಟೆ ಬಿಚ್ಚಿದ್ದಷ್ಟೇ.

ಮರುದಿನ ರಜೆ ಹಾಕಿ ಬೆಳಗಾವಿಗೆ ಹೋದೆ. ಪ್ರೊಫೆಸರರು ಅದೇ ಕೋಣೆಯಲ್ಲಿ ಅದೇ ಕುರ್ಚಿಯಲ್ಲಿದ್ದರು, ಕೂದಲು ಮಾತ್ರ ಹೋಗಿತ್ತು. ಆ ಪುಸ್ತಕ ಮೇಜಿನ ಮೇಲೇ ಇತ್ತು. ನನ್ನನ್ನು ಕೂಡ್ರು ಎನ್ನಲಿಲ್ಲ.

"ಇನ್ನೂ ಸೇಡು ತೀರಿಲ್ಲೇನು ನಿನಗ? ಈಗ ಹುಡುಗೀನ ಮುಂದ ಮಾಡಿ ಕಳಸ್ತೀ?"

"ನಾ ಕಳಸಿಲ್ಲ ಸರ್. ಆಕಿಗೆ ಏನೂ ಗೊತ್ತಿಲ್ಲ. ಪುಸ್ತಕದಾಗ ಇದ್ದದ್ದು ಓದ್ಯಾಳ. ಆ ತಪ್ಪು ಅಚ್ಚಾಗೂ ಮೊದಲ ನನಗ ಗೊತ್ತಿತ್ತು. ಗೊತ್ತಿದ್ದ ಬಿಟ್ಟೆ. ನಿಮ್ಮ ಸಿಟ್ಟು ನನ್ನ ಮ್ಯಾಲೆ ಇರ್ಲಿ."

ಅವರು ಮುಂದೆ ಬಾಗಿದರು. ಈ ಮಾತಿಗಾಗಿ ಎಷ್ಟೋ ವರ್ಷಗಳಿಂದ ಕಾದಿದ್ದರು ಎಂದು ಮುಖವೇ ಹೇಳುತ್ತಿತ್ತು.

"ಬರದು ಕೊಡು. ಇದ ಪುಸ್ತಕದಾಗ, ನನ್ನ ಲೇಖನದ ಕೆಳಗ. ನನಗ ಮೋಸ ಆಗ್ಯದ ಅಂತ ಓದಿದವರಿಗೆಲ್ಲ ತಿಳೀಲಿ."

"ಬರೀತೀನಿ. ಮೊದಲ ಹುಡುಗಿ ಜರ್ನಲ್‌ಗೆ ಸಹಿ ಆಗಲಿ. ಮತ್ತ ನಾ ಬರದದ್ದರ ಮ್ಯಾಲೆ ನೀವು ಸಹಿ ಮಾಡಿ ವಿಭಾಗದ ಮೊಹರು ಒತ್ತಬೇಕು. ಇಲ್ಲಾಂದ್ರ ಗ್ರಂಥಾಲಯದ ಪುಸ್ತಕದಾಗ ಗೀಚ್ಯಾಳ ಅಂತ ನನ್ನನ್ನ ಹಿಡೀತಾರ."

ಅವರು ಖುಷಿಯಿಂದ ಒಪ್ಪಿದರು. ಹುಡುಗಿಯನ್ನು ಕರೆಸಿ, ಜರ್ನಲ್ ತರಿಸಿ ಪುಟಪುಟಕ್ಕೂ ಸಹಿ ಹಾಕಿದರು. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋದಳು. ನಾನು ಪುಸ್ತಕ ಎಳೆದುಕೊಂಡು, ಅವರ ಲೇಖನ ಮುಗಿಯುವಲ್ಲಿ ಖಾಲಿ ಉಳಿದ ಜಾಗದಲ್ಲಿ ಕನ್ನಡದಲ್ಲಿ, ನನ್ನ ಅತಿ ಒಳ್ಳೆಯ ಅಕ್ಷರದಲ್ಲಿ ಬರೆದೆ:

"ಈ ಲೇಖನದಲ್ಲಿ ಪದರಗಳು ಅದಲು ಬದಲಾಗಿವೆ. ಹೊ ಎಂದರೆ ಹೊಕ್ಕು. ಒಂಟಿಯಾದರೆ ನಿಂತುಹೋಗುವುದು ಒಳಪದರ. ಎರಡೂ ಪದರಗಳನ್ನು ವಿದ್ಯುತ್ತಿನಿಂದ ಕೂಡಿಸುವುದು ನಡುವಿನ ಕೋಶಗಳ ಜಾಳಿಗೆ. ಈ ಪ್ರಯೋಗಗಳನ್ನೆಲ್ಲ ಮಾಡಿ, ಟಿಪ್ಪಣಿ ಬರೆದಿಟ್ಟ ನನಗೆ, ಈ ತಪ್ಪು ಅಚ್ಚಾಗುವ ಮೊದಲೇ ಗೊತ್ತಿತ್ತು."

ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಅವರು ಕೊನೆಯ ಸಾಲಿನ ಕೊನೆಯ ಮೂರು ಶಬ್ದಗಳನ್ನು ಹುಡುಕಿ ಓದಿದರು. ಸಿಕ್ಕವು. ಬಾಜೂಕೆ ತಮ್ಮ ಸಹಿ ಎಳೆದು, ವಿಭಾಗದ ಮೊಹರನ್ನು ಮಸಿಗೆ ಅದ್ದಿ ಎರಡು ಸಲ ಒತ್ತಿದರು. ಆಮೇಲೆ, ಸಾವಕಾಶವಾಗಿ, ಮೊದಲಿನಿಂದ ಓದತೊಡಗಿದರು. "ಈ ಪ್ರಯೋಗಗಳನ್ನೆಲ್ಲ ಮಾಡಿ" ಎಂಬಲ್ಲಿಗೆ ಬಂದಾಗ ಅವರ ಬೆರಳು ನಿಂತಿತು.

ಮೊಹರು ಇನ್ನೂ ಹಸಿ ಇತ್ತು. ನಾನು ಬಗ್ಗಿ ಊದಿದೆ. ಅವರು ಕೈ ಚಾಚುವ ಮೊದಲೇ ಪುಸ್ತಕ ಮುಚ್ಚಿ ಎತ್ತಿಕೊಂಡು, ನೇರ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಒಪ್ಪಿಸುವ ಕಟ್ಟೆಯ ಮೇಲೆ ಇಟ್ಟೆ. ಅಲ್ಲಿ ಕೂತಿದ್ದ ಹಳೆಯ ಗ್ರಂಥಪಾಲಕರು ನನ್ನ ಗುರುತು ಹಿಡಿದು ಕೇಳಿದರು:

"ಓದೂದು ಮುಗೀತೇನ್ರಿ ಬಾಯಾರ?"

"ಓದೂದಲ್ರಿ" ಎಂದೆ. "ಬರಿಯೂದು ಮುಗೀತು."